ಮಗಳ ಓದು: ಧಾರವಾಡವೋ, ಮೈಸೂರೋ?

ಮೊನ್ನೆ ಭಾನುವಾರ ಬೆಳಿಗ್ಗೆ ನಮ್ಮ ಕಚೇರಿಗೆ ಹಿರಿಯರೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಅವರು ನಮ್ಮ ದಾವಣಗೆರೆಯ ಅಕ್ಕಿ ಗಿರಣಿಯೊಂದರಲ್ಲಿ ಹಮಾಲಿ. ಅವರ ತಂದೆ ಹತ್ತಿ ಗಿರಣಿಯಲ್ಲಿ ದುಡಿದವರು. ಆ ಗಿರಣಿಗೆ ಬೀಗ ಬಿದ್ದ ಮೇಲೆ ಮಗ ಮೂಟೆ ಹೊರಲು ನಿಂತರು. ಮನೆಯಾಕೆ ಮಂಡಕ್ಕಿ ಭಟ್ಟಿಗೆ ಕೂಲಿಗೆ ಹೋಗುತ್ತಾರೆ. ಮಗಳು ಬಿ.ಎಸ್ಸಿ. ಪಾಸು ಮಾಡಿ ರಸಾಯನಶಾಸ್ತ್ರದ ಎಂ.ಎಸ್ಸಿ.ಗೆ ಅರ್ಜಿ ಹಾಕಿದ್ದಳು. ಈಗ ಎರಡು ಕಡೆಯಿಂದಲೂ ಕರೆ ಬಂದಿದೆ. ಒಂದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಇನ್ನೊಂದು ಮೈಸೂರು ವಿಶ್ವವಿದ್ಯಾನಿಲಯ. ಹಣ ಕಟ್ಟಲು ಹತ್ತೇ ದಿನ ಉಳಿದಿದೆ.

"ಮೇಷ್ಟ್ರೆ, ಯಾವ ಕಡೆ ಕಳಿಸ್ಲಿ ಹೇಳ್ರಿ. ನೀವು ಅಂದಂಗೆ ಆಗ್ಲಿ" ಎಂದರು ತಂದೆ.

ನಾವು ಮ್ಯಾಟ್ರಿಕ್ ದಾಟಿ ಮುಂದೆ ಹೋಗಲಾರದೆ ಉಳಿದವರು. ಕೆಲವು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿ, ಆಮೇಲೆ ಈ ಕೆಲಸಕ್ಕೆ ಬಂದವರು. ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ವಿದ್ಯಾರ್ಥಿಯಾಗಿ ಹತ್ತದವರಿಗೆ ಈ ಮಾತಾಡುವ ಹಕ್ಕೆಲ್ಲಿಯದು ಎಂದು ಕೆಲವರು ಕೇಳಬಹುದು. ಆದರೆ ಈ ಊರಿನಲ್ಲಿ ಈ ಪ್ರಶ್ನೆ ಹೊತ್ತು ಬರುವ ತಂದೆತಾಯಿಗಳೂ ಆ ಮೆಟ್ಟಿಲು ಹತ್ತದವರೇ. ಒಳಗಿನ ವಿಷಯ ಬಲ್ಲವರು ನಮಗೆ ತಿಳಿಸಿ ಹೇಳುವುದಿಲ್ಲ. ಆದುದರಿಂದ ನಾವೇ ಕುಳಿತು ಲೆಕ್ಕ ಹಾಕಬೇಕಾಗಿದೆ. ಈ ಹುಡುಗಿಯ ನೆಪದಿಂದ ಎಲ್ಲ ವಾಚಕರೊಡನೆ ಆ ಲೆಕ್ಕವನ್ನು ಹಂಚಿಕೊಳ್ಳುತ್ತಿದ್ದೇವೆ.

ಮನೆಯಿಂದಲೇ ಓಡಾಡಿಕೊಂಡು ಓದಬಾರದೇ, ನಮ್ಮ ಊರಿಗೂ 2009ರಲ್ಲಿ ವಿಶ್ವವಿದ್ಯಾನಿಲಯ ಬಂದಿಲ್ಲವೇ ಎಂದು ಕೆಲವರು ಕೇಳಿಯಾರು. ಬಂದಿದೆ, ಅದು ನಮ್ಮ ಹೆಮ್ಮೆಯೇ ಸರಿ. ಆದರೆ ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಮನೆಯಲ್ಲಿ ಎಂ.ಎಸ್ಸಿ. ಪುಸ್ತಕ ಬಿಡಿಸುವುದೆಲ್ಲಿ? ಹಾಸ್ಟೆಲಿನ ಒಂದು ಮೇಜು, ಒಂದು ದೀಪ ಬೇಕೆಂದೇ ಆ ಹುಡುಗಿ ಹೊರಗೆ ಹೊರಟಿದ್ದಾಳೆ. ಅದು ಅಹಂಕಾರವಲ್ಲ, ಅವಶ್ಯಕತೆ.

ನಮ್ಮಲ್ಲಿಗೆ ಬರುವ ಮೊದಲೇ ಅವರಿಗೆ ಮೂವರು ಬುದ್ಧಿವಾದ ಹೇಳಿದ್ದರು. ಕಿರಾಣಿ ಅಂಗಡಿಯ ಯಜಮಾನರು ಮೈಸೂರಿನ ಹೆಸರೇ ಹೆಸರು, ಅರಸರ ಕಾಲದ ಸಂಸ್ಥೆ ಎಂದರು. ಅವರ ಜಾತಿಯ ಮುಖಂಡರೊಬ್ಬರು, ನಮ್ಮವರ ಹಾಸ್ಟೆಲ್ ಎಲ್ಲಿದೆಯೋ ಅಲ್ಲಿಗೆ ಕಳಿಸು, ಹುಡುಗಿ ನಮ್ಮವರ ಕಣ್ಣಳತೆಯಲ್ಲಿ ಇರುತ್ತಾಳೆ ಎಂದರು. ಮೂರನೆಯವರು ಮೊಬೈಲು ತೆಗೆದು ಒಂದು ರ‍್ಯಾಂಕ್ ಪಟ್ಟಿ ತೋರಿಸಿ, ಮೇಲೆ ಇರುವುದಕ್ಕೆ ಹೋಗಲಿ ಎಂದರು. ಹುಡುಗಿಯನ್ನು ಮಾತ್ರ ಯಾರೂ ಕೇಳಿರಲಿಲ್ಲ.

ನಾವು ಕೇಳಿದೆವು: "ನಿನಗೇನು ಅನಿಸುತ್ತದೆ ತಂಗಿ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳು ಹೇಳಿದಳು: "ಪಾಠ ಎಲ್ಲಿ ಚೆನ್ನಾಗಿದ್ರೂ ಕಷ್ಟಪಟ್ಟು ಓದ್ತೀನಿ ಅಣ್ಣಾ. ಆದ್ರೆ ನಮ್ಮ ಓಣಿಯಿಂದ ಹೊರಗೆ ಓದೋಕೆ ಹೋದ ಅಕ್ಕ ಒಬ್ಬರು ಆರು ತಿಂಗಳಿಗೆ ವಾಪಸ್ ಬಂದ್ರು. ಸೆಮಿನಾರಿನಲ್ಲಿ ಇಂಗ್ಲಿಷ್ ತಪ್ಪಾಯ್ತು ಅಂತ ನಕ್ಕರಂತೆ. ಆಮೇಲೆ ಅವರ ಜೊತೆ ಯಾರೂ ಊಟಕ್ಕೆ ಕೂರ್ತಿರಲಿಲ್ವಂತೆ. ನಂಗೂ ಹಂಗೇ ಆದ್ರೆ?"

ತಂದೆ ತಲೆ ತಗ್ಗಿಸಿದರು. ಈ ಮಾತನ್ನು ಅವರೂ ಮೊದಲ ಸಲ ಕೇಳಿದಂತಿತ್ತು.

ಬಂಧುಗಳೆ, ಪ್ರಶ್ನೆ ಇರುವುದು ಇಲ್ಲಿಯೇ. ಹೆಸರು, ರ‍್ಯಾಂಕು, ಜಾತಿಯ ಹಾಸ್ಟೆಲು, ಈ ಮೂರರಲ್ಲಿ ಯಾವುದೂ ಆ ಹುಡುಗಿಯ ಭಯಕ್ಕೆ ಉತ್ತರವಲ್ಲ. ಒಂದೊಂದನ್ನೂ ತೂಗಿ ನೋಡೋಣ.

ಮೊದಲು ಹೆಸರು. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಹುಟ್ಟಿತು. ದೇಶದ ಸಂಸ್ಥಾನಗಳಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯ ಅದು. ಕುವೆಂಪು ಅವರು ಅದರ ಕುಲಪತಿಗಳಾಗಿದ್ದರು. ಮಾನಸಗಂಗೋತ್ರಿ ಎಂಬ ಹೆಸರು ಅವರು ಇಟ್ಟದ್ದು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಮರುವರ್ಷ ಧಾರವಾಡಕ್ಕೆ ಬಂತು. ಗಣಿತಜ್ಞ ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ ಕುಲಪತಿಗಳಾಗಿ ನಿಂತು ಅದನ್ನು ಛೋಟಾ ಮಹಾಬಳೇಶ್ವರದ ಗುಡ್ಡದ ಮೇಲೆ ಕಟ್ಟಿ ಬೆಳೆಸಿದರು. 1956ಕ್ಕೆ ಮೊದಲು ಹರಿಹರದ ಹೊಳೆ ದಾಟಿದರೆ ಬೇರೆ ರಾಜ್ಯ. ಆಗ ನಮ್ಮ ಊರಿನವರಿಗೆ ಮೈಸೂರೇ ನಮ್ಮದು, ಧಾರವಾಡ ಆಚೆಯದು. ಏಕೀಕರಣವಾಗಿ ಇಷ್ಟು ಕಾಲವಾದರೂ ಕೆಲವರ ಮನಸ್ಸಿನಲ್ಲಿ ಆ ಹೊಳೆ ಇನ್ನೂ ಹರಿಯುತ್ತಿದೆ. ಮಗಳ ಓದಿಗೆ ಆ ಹೊಳೆಯನ್ನು ಅಡ್ಡ ತರಬೇಡಿ.

ಎರಡೂ ಹೆಸರು ದೊಡ್ಡವೇ. ಆದರೆ ಹೆಸರು ಪಾಠ ಹೇಳುವುದಿಲ್ಲ, ಮನುಷ್ಯರು ಹೇಳುತ್ತಾರೆ. ರಾಧಾಕೃಷ್ಣನ್ ಅವರು 1918ರಿಂದ 1921ರವರೆಗೆ ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಪಾಠ ಹೇಳಿದರು. ಆ ಕೀರ್ತಿ ಇಂದಿಗೂ ಇದೆ, ಆ ಪಾಠ ಇಂದಿನ ಹುಡುಗಿಗೆ ಸಿಗುವುದಿಲ್ಲ. ಅವಳಿಗೆ ಬೇಕಾದದ್ದು, ಈ ವರ್ಷ ಆ ವಿಭಾಗದಲ್ಲಿ ಎಷ್ಟು ಮಂದಿ ಕಾಯಂ ಅಧ್ಯಾಪಕರಿದ್ದಾರೆ ಎಂಬ ಲೆಕ್ಕ. ಸರ್ಕಾರವು ನಿವೃತ್ತರಾದವರ ಜಾಗಗಳನ್ನು ತುಂಬದೆ ಅತಿಥಿ ಉಪನ್ಯಾಸಕರಿಂದ ಕಾಲ ತಳ್ಳುತ್ತಿರುವುದು ರಾಜ್ಯದ ವಿಶ್ವವಿದ್ಯಾನಿಲಯಗಳಲ್ಲೆಲ್ಲ ಕಾಣುವ ರೋಗ. ಅತಿಥಿ ಉಪನ್ಯಾಸಕರನ್ನು ನಾವು ಹೀಗಳೆಯುತ್ತಿಲ್ಲ. ಅವರೂ ನಮ್ಮ ಹಾಗೆ ಕೂಲಿಯವರು, ಅವರಲ್ಲಿ ಬಹಳ ಮಂದಿ ಜೀವ ತೇದು ಕಲಿಸುತ್ತಾರೆ. ಆದರೆ ಮುಂದಿನ ವರ್ಷ ತಾನು ಇರುತ್ತೇನೋ ಇಲ್ಲವೋ ತಿಳಿಯದ ಅಧ್ಯಾಪಕ ಯಾವ ವಿದ್ಯಾರ್ಥಿಗೆ ಎರಡು ವರ್ಷದ ದಾರಿ ತೋರಿಸಬಲ್ಲ?

ರಸಾಯನಶಾಸ್ತ್ರವಾದರೆ ಪ್ರಯೋಗಶಾಲೆಯನ್ನೂ ನೋಡಬೇಕು. ಮೈಸೂರಿನಲ್ಲಿ 1950ರಿಂದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯವಿದೆ. ಆಹಾರದ ರಸಾಯನದಲ್ಲಿ ಕೆಲಸ ಮಾಡಬೇಕೆನ್ನುವವರಿಗೆ ಆ ನೆರೆಹೊರೆ ದೊಡ್ಡ ಲಾಭ. ಧಾರವಾಡದ ವಿಶ್ವವಿದ್ಯಾಲಯದಲ್ಲಿ ದೊಡ್ಡ ಉಪಕರಣಗಳನ್ನು ಒಂದೆಡೆ ಇಟ್ಟು ಸಂಶೋಧಕರಿಗೆ ಪರೀಕ್ಷೆ ಮಾಡಿಕೊಡುವ ಕೇಂದ್ರವಿದೆ. ಅದೇ ಊರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಉಂಟು, 2016ರಿಂದ ಐ.ಐ.ಟಿ. ಉಂಟು. ಹೀಗೆ ಕಾಗದದ ಮೇಲೆ ಎರಡೂ ಕಡೆ ಅನುಕೂಲವಿದೆ. ಆದರೆ ಯಂತ್ರ ಇರುವುದು ಬೇರೆ, ಎಂ.ಎಸ್ಸಿ. ವಿದ್ಯಾರ್ಥಿಯ ಕೈಗೆ ಅದು ಸಿಗುವುದು ಬೇರೆ. ಗಿರಣಿಯಲ್ಲಿ ಹೊಸ ಯಂತ್ರ ತಂದು ಬಟ್ಟೆ ಮುಚ್ಚಿಟ್ಟದ್ದನ್ನು ನೋಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಖರ್ಚು. ಒಂದೇ ಬೆಂಚಿನ ಮೇಲೆ ಕುಳಿತ ಇಬ್ಬರಲ್ಲಿ ಒಬ್ಬರಿಗೆ ಸಾಮಾನ್ಯ ಶುಲ್ಕ, ಇನ್ನೊಬ್ಬರಿಗೆ ಹೆಚ್ಚಿನ ಶುಲ್ಕ ಎಂಬ ಪದ್ಧತಿ ಇಂದು ಇದೆ. ವಿಶ್ವವಿದ್ಯಾನಿಲಯಗಳು ತಮ್ಮ ವ್ಯಾಪ್ತಿಯ ಕಾಲೇಜಿನ ಮಕ್ಕಳಿಗೆ ಹೆಚ್ಚು ಸೀಟು ಇಟ್ಟು ಹೊರಗಿನವರಿಗೆ ಕೆಲವನ್ನೇ ಬಿಡುವ ವಾಡಿಕೆಯೂ ಇದೆ. ನಮ್ಮ ಊರಿನ ಪದವೀಧರರು ಧಾರವಾಡದಲ್ಲೂ ಹೊರಗಿನವರು, ಮೈಸೂರಿನಲ್ಲೂ ಹೊರಗಿನವರು. ಆದುದರಿಂದ ಬಂದ ಸೀಟು ಯಾವ ವರ್ಗದ್ದು, ಎರಡನೆಯ ವರ್ಷಕ್ಕೂ ಅದೇ ಶುಲ್ಕವೇ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ತಿಳಿಯಿರಿ. ಸಮಾಜ ಕಲ್ಯಾಣ ಇಲಾಖೆಯ ಅಥವಾ ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲಿನಲ್ಲಿ ಜಾಗ ಸಿಗುವುದೇ ವಿಚಾರಿಸಿ. ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿಗೆ ಅರ್ಜಿ ಹಾಕಬಹುದು. ಧಾರವಾಡ ನಮಗೆ ಮೈಸೂರಿನ ಅರ್ಧ ದಾರಿ. 2023ರಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನ ಟಿಕೆಟ್ಟಿನ ಭಾರ ಕಡಿಮೆಯಾಗಿದೆ. ಆದರೆ ತಾಯಿಗೆ ಕಾಯಿಲೆಯಾದರೆ ಒಂದು ಹಗಲಿನಲ್ಲಿ ಬಂದು ಹೋಗಬಹುದೇ ಎಂಬುದೂ ಒಂದು ಲೆಕ್ಕವೇ.

ಇಲ್ಲಿಯವರೆಗೆ ಹೇಳಿದ್ದು ಎಲ್ಲರೂ ಹೇಳುವ ಮಾತು. ಯಾರೂ ಹೇಳದ ಮಾತು ಆ ಹುಡುಗಿ ಕೇಳಿದ ಪ್ರಶ್ನೆಯಲ್ಲಿದೆ: ನಾನು ಅಲ್ಲಿ ಹೊಂದಿಕೊಳ್ಳುತ್ತೇನೆಯೇ?

ಇದು ಅಂಜುಬುರುಕರ ಪ್ರಶ್ನೆ ಎಂದು ಹಲವರು ತಿಳಿಯುತ್ತಾರೆ. ಓದಲು ಹೋದವಳಿಗೆ ಜೊತೆಗಾರರ ಚಿಂತೆ ಏಕೆ ಎಂದು ಗದರಿಸುತ್ತಾರೆ. ನಾವು ಒಪ್ಪುವುದಿಲ್ಲ. ವಿದ್ಯಾರ್ಥಿ ದಿನಕ್ಕೆ ನಾಲ್ಕೈದು ಗಂಟೆ ಪಾಠದಲ್ಲಿದ್ದರೆ ಉಳಿದ ಹೊತ್ತು ಜೊತೆಗಾರರ ನಡುವೆ ಇರುತ್ತಾಳೆ. ಅರ್ಥವಾಗದ ಲೆಕ್ಕವನ್ನು ರಾತ್ರಿ ಬಿಡಿಸಿ ಹೇಳುವವಳು ಪಕ್ಕದ ಕೋಣೆಯ ಹುಡುಗಿ. ಯಾವ ಪರೀಕ್ಷೆಗೆ ಎಂದು ಅರ್ಜಿ ಹಾಕಬೇಕೆಂದು ತಿಳಿಸುವವರು ಹಿರಿಯ ವಿದ್ಯಾರ್ಥಿಗಳು. ಆ ಬಳಗದಿಂದ ಹೊರಗುಳಿದವಳು ಅರ್ಧ ವಿಶ್ವವಿದ್ಯಾನಿಲಯವನ್ನೇ ಕಳೆದುಕೊಂಡಂತೆ.

ಜಯಪ್ರಕಾಶ ನಾರಾಯಣರ ಜೀವನವನ್ನೇ ನೋಡಿ. 1922ರಲ್ಲಿ ಓದಲೆಂದು ಅಮೇರಿಕೆಗೆ ಹೋದ ಅವರು ಮೊದಲು ಬರ್ಕ್ಲಿಯಲ್ಲಿ ಸೇರಿದರು. ಅಲ್ಲಿ ಶುಲ್ಕ ಏರಿತು. ಹಣ್ಣಿನ ತೋಟದಲ್ಲಿ ಕೂಲಿ ಮಾಡಿ, ತಟ್ಟೆ ತೊಳೆದು ಓದುತ್ತಿದ್ದ ಯುವಕನಿಗೆ ಅದನ್ನು ಕಟ್ಟಲು ಆಗಲಿಲ್ಲ. ಅಯೋವಾಕ್ಕೆ ಹೋದರು. ಮುಂದೆ ವಿಸ್ಕಾನ್ಸಿನ್ನಿಗೆ ಬಂದಾಗ ಅಲ್ಲಿನ ಗೆಳೆಯರ ಬಳಗವೇ ಅವರನ್ನು ಸಮಾಜವಾದದ ಓದಿಗೆ ಹಚ್ಚಿತು. ಕೊನೆಗೆ ಓಹಿಯೋದಲ್ಲಿ ಸಮಾಜಶಾಸ್ತ್ರದ ಎಂ.ಎ. ಮುಗಿಸಿ 1929ರಲ್ಲಿ ಹಿಂದಿರುಗಿದರು. ಒಂದು ಕಡೆಯಿಂದ ಅವರನ್ನು ಹೊರಡಿಸಿದ್ದು ಶುಲ್ಕ, ಇನ್ನೊಂದು ಕಡೆ ಅವರ ದಾರಿಯನ್ನು ತಿರುಗಿಸಿದ್ದು ಗೆಳೆತನ. ಜೊತೆಗಾರರು ಓದಿನ ಹೊರಗಿನ ವಸ್ತುವಲ್ಲ.

ಹಾಗಾದರೆ ನಮ್ಮವರ ನಡುವೆಯೇ ಇರಲಿ, ಜಾತಿಯ ಹಾಸ್ಟೆಲಿಗೇ ಹೋಗಲಿ ಎನ್ನುವ ಮುಖಂಡರ ಮಾತು ಸರಿಯಾಯಿತಲ್ಲವೇ? ಇಲ್ಲಿ ನಿಂತು ಯೋಚಿಸಬೇಕು. ಮಠಗಳೂ ಸಮಾಜಗಳೂ ನಡೆಸಿದ ಉಚಿತ ಪ್ರಸಾದನಿಲಯಗಳು ಇಲ್ಲದಿದ್ದರೆ ಈ ನಾಡಿನ ಎಷ್ಟೋ ಬಡ ಹುಡುಗರು ಅಕ್ಷರವನ್ನೇ ಕಾಣುತ್ತಿರಲಿಲ್ಲ. ಆ ಅನ್ನದ ಋಣವನ್ನು ನಾವು ಮರೆಯುವುದಿಲ್ಲ. ಬೇರೆ ದಾರಿಯಿಲ್ಲದವರು ಇಂದಿಗೂ ಅಲ್ಲಿ ಉಂಡು ಓದಲಿ. ಆದರೆ ಊಟಕ್ಕಾಗಿ ಅಲ್ಲಿಗೆ ಹೋಗುವುದು ಬೇರೆ, ನಮ್ಮವರ ಹೊರತು ಬೇರೆಯವರ ಮುಖ ನೋಡಬೇಕಾಗಿಲ್ಲ ಎಂಬ ನೆಮ್ಮದಿಗಾಗಿ ಹೋಗುವುದು ಬೇರೆ. ಓಣಿಯ ಗೋಡೆಗಳನ್ನು ಹೊತ್ತುಕೊಂಡು ಹೋಗಿ ಇನ್ನೊಂದು ಊರಿನಲ್ಲಿ ನಿಲ್ಲಿಸುವುದಾದರೆ ಊರು ಬಿಡುವುದೇಕೆ? ಇನ್ನು ಕಣ್ಣಳತೆಯಲ್ಲಿ ಇರಲಿ ಎನ್ನುವ ಮಾತು. ಅದು ಹುಡುಗಿಯ ಓದಿನ ಚಿಂತೆಯಲ್ಲ, ಅವಳ ಮದುವೆಯ ಚಿಂತೆ. ಅದನ್ನು ಬಾಯಿಬಿಟ್ಟು ಹೇಳಲಿ, ಓದಿನ ಹೆಸರಿನಲ್ಲಿ ಹೇಳಬೇಡ.

ಹೊಂದಿಕೆ ಎಂದರೆ ನಮ್ಮಂಥವರೇ ಸುತ್ತ ಇರುವುದಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ನಾಚಿಕೆಯಿಲ್ಲದೆ ಕೇಳಲು ಆಗುವುದು. ಕನ್ನಡದಲ್ಲಿ ಕೇಳಿದರೂ ಅಧ್ಯಾಪಕರು ಉತ್ತರ ಕೊಡುವುದು. ಅಪ್ಪ ಏನು ಕೆಲಸ ಮಾಡುತ್ತಾರೆ ಎಂದು ಕೇಳಿದಾಗ ಹಮಾಲಿ ಎಂದು ನೆಟ್ಟಗೆ ಹೇಳಿದರೆ ಪಂಕ್ತಿಯಲ್ಲಿ ಪಕ್ಕದವಳು ತಟ್ಟೆ ಎತ್ತಿಕೊಂಡು ಏಳದೆ ಇರುವುದು. ಇಷ್ಟು ಇದ್ದರೆ ಸಾಕು. ಭಾಷೆ ಬೇರೆ, ಊಟ ಬೇರೆ, ಜಾತಿ ಬೇರೆ ಇದ್ದರೂ ಅಲ್ಲಿ ಹೊಂದಿಕೊಳ್ಳಬಹುದು. ಇಷ್ಟು ಇಲ್ಲದಿದ್ದರೆ ನಮ್ಮವರೇ ತುಂಬಿದ್ದರೂ ಅದು ಸೆರೆ.

ಇನ್ನೂ ಒಂದು ಮಾತು ಕೇಳಬೇಕು. ಹೊಂದಿಕೊಳ್ಳುವ ಹೊರೆ ಯಾವಾಗಲೂ ಬಡವರ ಮಗಳ ಹೆಗಲಿಗೇ ಏಕೆ ಬೀಳುತ್ತದೆ? ಸಾಹುಕಾರರ ಮಗ ಕಾಲೇಜು ಆರಿಸುವಾಗ ಅಲ್ಲಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಳ್ಳುತ್ತಾರೋ ಇಲ್ಲವೋ ಎಂದು ಕೇಳುವುದಿಲ್ಲ. ಅವನು ಹೋದ ಕಡೆ ಕಟ್ಟಡವೇ ಅವನಿಗೆ ಹೊಂದಿಕೊಳ್ಳುತ್ತದೆ. ವಿಶ್ವವಿದ್ಯಾನಿಲಯ ನಡೆಯುವುದು ಬೆಂಕಿಪೊಟ್ಟಣಕ್ಕೂ ಸಾಬೂನಿಗೂ ತೆರಿಗೆ ಕೊಡುವ ಜನರ ಹಣದಿಂದ. ಹಮಾಲಿಯ ಮಗಳು ಅಲ್ಲಿ ಅತಿಥಿಯಲ್ಲ, ಮನೆಯವಳು. ಅವಳಿಗೆ ಜಾಗ ಮಾಡಿಕೊಡುವುದು ವಿಶ್ವವಿದ್ಯಾನಿಲಯದ ಕರ್ತವ್ಯ, ಉಪಕಾರವಲ್ಲ. 2009ರಲ್ಲಿ ರ‍್ಯಾಗಿಂಗ್ ತಡೆಯಲು, 2012ರಲ್ಲಿ ತಾರತಮ್ಯ ತಡೆಯಲು ಯು.ಜಿ.ಸಿ. ನಿಯಮಗಳನ್ನು ಮಾಡಿತು. ಆಮೇಲೂ 2016ರ ಜನವರಿಯಲ್ಲಿ ಹೈದರಾಬಾದಿನ ಕೇಂದ್ರ ವಿಶ್ವವಿದ್ಯಾನಿಲಯದಲ್ಲಿ ಹಾಸ್ಟೆಲಿನಿಂದ ಹೊರಹಾಕಲ್ಪಟ್ಟ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ಪ್ರಾಣ ಕಳೆದುಕೊಂಡರು. ನಿಯಮ ಪುಸ್ತಕದಲ್ಲಿದ್ದರೆ ಸಾಲದು, ಪಂಕ್ತಿಗೆ ಇಳಿಯಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟ. ಸೀಟು ಕೊಡುವಾಗಲೇ ಹಾಸ್ಟೆಲ್ ಉಂಟೋ ಇಲ್ಲವೋ ಹೇಳಬೇಕು. ಕನ್ನಡದಲ್ಲಿ ಓದಿ ಬಂದವರಿಗೆ ಮೊದಲ ತಿಂಗಳುಗಳಲ್ಲಿ ಇಂಗ್ಲಿಷಿನ ಪಾಠವನ್ನು ಉಚಿತವಾಗಿ ಹೇಳಿಕೊಡಬೇಕು. ಖಾಲಿ ಹುದ್ದೆಗಳನ್ನು ತುಂಬಬೇಕು. ದೂರು ಕೇಳುವ ಅಧಿಕಾರಿಯ ಹೆಸರನ್ನು ಹಾಸ್ಟೆಲಿನ ಬಾಗಿಲಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಹಾಕಬೇಕು. ಇವೆಲ್ಲ ಆಗುವವರೆಗೆ ನಮ್ಮ ಮಕ್ಕಳು ಕಾಯುತ್ತ ಕೂರಲಾರರು. ಈ ಹತ್ತು ದಿನದಲ್ಲಿ ಮಾಡಬೇಕಾದದ್ದೇನು?

ನಾವು ಆ ತಂದೆಗೆ ಹೇಳಿದ್ದು ಇದು. ಸಂತೆಯಲ್ಲಿ ಜೋಳ ಕೊಳ್ಳುವಾಗ ಚೀಲದ ಮೇಲಿನ ಮುದ್ರೆ ನೋಡಿ ಯಾರೂ ಹಣ ಕೊಡುವುದಿಲ್ಲ. ಒಂದು ಹಿಡಿ ತೆಗೆದು ಅಂಗೈ ಮೇಲೆ ಹರಡಿ, ಒಂದು ಕಾಳು ಹಲ್ಲಿಗಿಟ್ಟು ನೋಡುತ್ತೇವೆ. ಮಗಳ ಎರಡು ವರ್ಷವನ್ನು ಹೆಸರು ಕೇಳಿ ಕೊಳ್ಳಬಹುದೇ? ಒಂದು ದಿನ ಧಾರವಾಡಕ್ಕೆ, ಒಂದು ದಿನ ಮೈಸೂರಿಗೆ ತಾಯಿಯೂ ಮಗಳೂ ಹೋಗಿ ಬರಲಿ. ವಿಭಾಗದಲ್ಲಿ ಕಾಯಂ ಅಧ್ಯಾಪಕರೆಷ್ಟು ಎಂದು ಕೇಳಲಿ. ಎಂ.ಎಸ್ಸಿ.ಯವರು ಯಂತ್ರವನ್ನು ಕೈಯಿಂದ ಮುಟ್ಟುತ್ತಾರೋ, ಗಾಜಿನಾಚೆಯಿಂದ ನೋಡುತ್ತಾರೋ ಎಂದು ಹಿರಿಯ ವಿದ್ಯಾರ್ಥಿಗಳನ್ನು ಕೇಳಲಿ. ಗ್ರಂಥಾಲಯ ರಾತ್ರಿ ಎಷ್ಟು ಹೊತ್ತು ತೆರೆದಿರುತ್ತದೆ, ಅಲ್ಲಿಂದ ಹೆಣ್ಣುಮಕ್ಕಳ ಹಾಸ್ಟೆಲಿಗೆ ಬರುವ ದಾರಿಯಲ್ಲಿ ದೀಪವಿದೆಯೇ ನೋಡಲಿ. ಕ್ಯಾಂಟೀನಿನಲ್ಲಿ ಒಂದು ಗಂಟೆ ಕುಳಿತು, ಯಾರು ಯಾರ ಜೊತೆ ಕೂರುತ್ತಾರೆ ಗಮನಿಸಲಿ. ಕಸ ಗುಡಿಸುವ ಅಮ್ಮನನ್ನು ಮಾತಾಡಿಸಲಿ. ಅಲ್ಲಿಯ ಹುಡುಗಿಯರು ಎಂಥವರೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ನೋಡಿ ಬಂದ ಮೇಲೆ ತೂಗುವುದು ಹೇಗೆ? ನಮ್ಮ ಅಭಿಪ್ರಾಯ ಇಷ್ಟು. ಕಲಿಸುವವರಲ್ಲಿ, ಪ್ರಯೋಗಶಾಲೆಯಲ್ಲಿ ಎದ್ದು ಕಾಣುವ ಅಂತರವಿದ್ದರೆ ಒಳ್ಳೆಯ ಪಾಠದ ಕಡೆಗೇ ಹೋಗಲಿ. ಗೆಳೆತನವನ್ನು ಹೋರಾಡಿಯಾದರೂ ಕಟ್ಟಿಕೊಳ್ಳಬಹುದು, ಇಲ್ಲದ ಅಧ್ಯಾಪಕರನ್ನು ಕಟ್ಟಿಕೊಳ್ಳಲಾಗದು. ಅಂತರ ಕೂದಲೆಳೆಯಷ್ಟಿದ್ದರೆ ಪಟ್ಟಿಯಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂದು ತಲೆ ಕೆಡಿಸಿಕೊಳ್ಳದೆ, ಎಲ್ಲಿ ಬಾಯಿ ಬಿಟ್ಟು ಪ್ರಶ್ನೆ ಕೇಳಬಹುದೋ ಅಲ್ಲಿಗೆ ಹೋಗಲಿ. ಅವಮಾನವನ್ನು ಸಹಿಸಿಕೊಂಡು ಮಾತ್ರವೇ ಓದಬಹುದಾದ ಕಡೆಗೆ, ಅದು ಎಷ್ಟೇ ದೊಡ್ಡ ಹೆಸರಿನದಾಗಲಿ, ಒಬ್ಬಂಟಿಯಾಗಿ ಕಳಿಸಬೇಡಿ. ಕೊನೆಯ ಮಾತು ಹುಡುಗಿಯದಾಗಿರಲಿ. ಅಲ್ಲಿ ಮಲಗಿ ಏಳುವವಳು ಅವಳು, ನಾವಲ್ಲ.

ತಂದೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಎರಡು ದಿನದ ಕೂಲಿ ಹೋಗ್ತದೆ ಅವಳ ಅವ್ವನದು" ಎಂದರು. ಮಗಳು, "ಎರಡು ವರ್ಷ ಹೋಗೋದಕ್ಕಿಂತ ಎರಡು ದಿನ ಹೋದ್ರೆ ವಾಸಿ ಅಪ್ಪಾ" ಎಂದಳು. ಅವರು ನಕ್ಕರು. ಈ ವಾರ ತಾಯಿ ಮಗಳು ಧಾರವಾಡಕ್ಕೆ ಹೊರಟಿದ್ದಾರೆ, ಅದರ ಮರುದಿನ ರಾತ್ರಿ ರೈಲಿಗೆ ಮೈಸೂರು.

ವಾಚಕರಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಮಕ್ಕಳೋ, ನೆರೆಯವರ ಮಕ್ಕಳೋ ಈ ಎರಡು ಊರುಗಳಲ್ಲಿ ಓದುತ್ತಿದ್ದರೆ, ಓದಿ ಬಂದಿದ್ದರೆ, ಒಂದು ಸಂಜೆ ನಮ್ಮ ಕಚೇರಿಗೆ ಕಳಿಸಿ. ಅಲ್ಲಿಯ ಪಾಠ ಎಂಥದು, ಪಂಕ್ತಿ ಎಂಥದು ಎಂದು ಮುಂದಿನ ಮಕ್ಕಳಿಗೆ ಅವರು ಹೇಳಲಿ. ಸಾಹುಕಾರರ ಮಕ್ಕಳಿಗೆ ದಾರಿ ಹೇಳಲು ಅಣ್ಣಂದಿರು, ಮಾವಂದಿರು ಇರುತ್ತಾರೆ. ನಮ್ಮ ಮಕ್ಕಳಿಗೆ ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳದಿದ್ದರೆ ಇನ್ನಾರು ಹೇಳುತ್ತಾರೆ? ಓಣಿಯಿಂದ ಮೊದಲು ಹೋದವಳು ಆರು ತಿಂಗಳಿಗೆ ಹಿಂದಿರುಗಿದಳು. ಎರಡನೆಯವಳು ಓದು ಮುಗಿಸಿಯೇ ಬರಬೇಕು. ಅವಳ ಹಿಂದೆ ಹೋಗುವ ಮೂರನೆಯವಳಿಗೆ ಅಲ್ಲಿ ಊಟಕ್ಕೆ ಜೊತೆ ಇರಬೇಕು.